ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂಎ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯವೊಂದರಲ್ಲಿ ನಾನು ಅಂತರರಾಷ್ಟ್ರೀಯ ಸಂಬಂಧಗಳ ಎಂಎ ಮಾಡಿದೆ. ಈಗ ಅರ್ಜಿ ಹಾಕಲು ಹೊರಟವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕ್ಯಾಥೊಲಿಕ್ ವಿಶ್ವವಿದ್ಯಾಲಯ ಅಂದರೆ ಪಾದ್ರಿಗಳಾಗುವವರು ಓದುವ ಜಾಗವಾ?

ಅಲ್ಲ. ಪಾದ್ರಿಗಳಾಗುವವರಿಗೆ ಸೆಮಿನರಿಗಳು ಬೇರೆ ಇವೆ. ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಕಾನೂನು, ನರ್ಸಿಂಗ್, ಎಂಜಿನಿಯರಿಂಗ್, ಬಿಸಿನೆಸ್ ಎಲ್ಲವೂ ಇರುತ್ತದೆ. ಅವುಗಳ ಜೊತೆಗೆ ರಾಜ್ಯಶಾಸ್ತ್ರ, ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗಗಳೂ ಇರುತ್ತವೆ.

ಇವೆಲ್ಲ ಒಂದೇ ಅಚ್ಚಿನವು ಅಂದುಕೊಳ್ಳಬೇಡಿ. ಜಾರ್ಜ್‌ಟೌನ್, ಫೋರ್ಡಮ್, ಬಾಸ್ಟನ್ ಕಾಲೇಜ್ ಜೆಸ್ವಿಟರು ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಭೆಯ ಪರಂಪರೆಯವು. ನೋಟರ್ ಡೇಮ್ ಅನ್ನು ಕಟ್ಟಿದ್ದು ಹೋಲಿ ಕ್ರಾಸ್ ಅನ್ನುವ ಇನ್ನೊಂದು ಸಭೆಯವರು. ಸೀಟನ್ ಹಾಲ್ ನ್ಯೂವಾರ್ಕ್‌ನ ಮಹಾಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಆರ್ಚ್‌ಬಿಷಪ್ ನೋಡಿಕೊಳ್ಳುವ ಚರ್ಚ್ ಆಡಳಿತಕ್ಕೆ ಸೇರಿದ್ದು. ವಾಷಿಂಗ್‌ಟನ್ನಿನಲ್ಲಿರುವ 'ಕ್ಯಾಥೊಲಿಕ್ ಯೂನಿವರ್ಸಿಟಿ ಆಫ್ ಅಮೆರಿಕ'ವನ್ನು 1887ರಲ್ಲಿ ಆ ದೇಶದ ಬಿಷಪ್‌ಗಳೇ ಸೇರಿ ಶುರು ಮಾಡಿದರು. ಯಾರು ಕಟ್ಟಿದರು ಅನ್ನುವುದರ ಮೇಲೆ ಕ್ಯಾಂಪಸ್ಸಿನ ಗಾಳಿಯೂ ಬದಲಾಗುತ್ತದೆ. ಅದನ್ನು ವೆಬ್‌ಸೈಟಿನಲ್ಲಿ ಓದುವುದಕ್ಕಿಂತ ಅಲ್ಲಿ ಓದುತ್ತಿರುವ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿ ತಿಳಿದುಕೊಳ್ಳುವುದು ಒಳ್ಳೆಯದು.

ನಾನು ಕ್ರೈಸ್ತ ಅಲ್ಲ. ನನ್ನನ್ನು ಸೇರಿಸಿಕೊಳ್ಳುತ್ತಾರಾ?

ಮೇಲೆ ಹೆಸರಿಸಿದ ಯಾವ ವಿಶ್ವವಿದ್ಯಾಲಯದಲ್ಲೂ ವಿದ್ಯಾರ್ಥಿ ಕ್ಯಾಥೊಲಿಕ್ ಆಗಿರಲೇಬೇಕು ಅಂತ ಇಲ್ಲ. ಎಂಎ ವಿದ್ಯಾರ್ಥಿಗಳನ್ನು ಪೂಜೆಗೆ ಬನ್ನಿ ಅಂತ ಯಾರೂ ಒತ್ತಾಯ ಮಾಡುವುದಿಲ್ಲ. ಜಾರ್ಜ್‌ಟೌನ್ 1999ರಲ್ಲಿ ಪೂರ್ಣಾವಧಿ ಮುಸ್ಲಿಂ ಧರ್ಮಗುರುವನ್ನು ನೇಮಿಸಿಕೊಂಡಿತು. 2016ರಲ್ಲಿ ಹಿಂದೂ ವಿದ್ಯಾರ್ಥಿಗಳಿಗೂ ಒಬ್ಬರನ್ನು ನೇಮಿಸಿತು. ನನ್ನ ತರಗತಿಯಲ್ಲಿ ಹಿಂದೂಗಳು, ಮುಸ್ಲಿಮರು, ಯಹೂದಿಗಳು, ಯಾವ ದೇವರನ್ನೂ ನಂಬದವರು ಎಲ್ಲರೂ ಇದ್ದರು.

ಹಾಗಂತ ಗೋಡೆಯ ಮೇಲಿನ ಶಿಲುಬೆ ಸುಮ್ನೆ ಅಲಂಕಾರಕ್ಕೆ ಇರುವುದಲ್ಲ. ಕೆಲವು ಕಡೆ ಕ್ಯಾಂಪಸ್ ಕ್ಲಿನಿಕ್ಕಿನಲ್ಲಿ ಗರ್ಭನಿರೋಧಕ ಕೊಡುವುದಿಲ್ಲ. ಹಾಸ್ಟೆಲ್ ನಿಯಮಗಳು ಬಿಗಿಯಾಗಿರಬಹುದು. ಎಂಎ ಓದುವವರು ಹೆಚ್ಚಾಗಿ ಹೊರಗೆ ಮನೆ ಮಾಡಿಕೊಳ್ಳುವುದರಿಂದ ಹಾಸ್ಟೆಲ್ಲಿನ ತೊಂದರೆ ಅಷ್ಟಾಗಿ ತಟ್ಟುವುದಿಲ್ಲ. ಇಂಥ ವಿಷಯ ನಿಮಗೆ ಮುಖ್ಯವಾದರೆ ಸೇರುವ ಮೊದಲೇ ನೇರವಾಗಿ ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿದುಕೊಳ್ಳುವುದಿಲ್ಲ.

ಯಾವ ಯಾವ ವಿಶ್ವವಿದ್ಯಾಲಯಗಳನ್ನು ನೋಡಬೇಕು?

ಮೊದಲ ಹೆಸರು ಜಾರ್ಜ್‌ಟೌನಿನದು. ಅಲ್ಲಿನ ವಿದೇಶಾಂಗ ಸೇವಾ ಶಾಲೆಯನ್ನು 1919ರಲ್ಲಿ ಜೆಸ್ವಿಟ್ ಪಾದ್ರಿ ಎಡ್ಮಂಡ್ ವಾಲ್ಶ್ ಶುರು ಮಾಡಿದರು. ಅಮೆರಿಕದ ಸರ್ಕಾರ ತನ್ನ ಈಗಿನ ವಿದೇಶಾಂಗ ಸೇವೆಯನ್ನು ಕಾನೂನಿನ ಮೂಲಕ ಕಟ್ಟಿದ್ದು 1924ರಲ್ಲಿ. ಅಂದರೆ ಆ ಸೇವೆಗಿಂತ ಐದು ವರ್ಷ ಮೊದಲೇ ಶಾಲೆ ಬಂತು! ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲಿ, ಇನ್ನೊಂದು ಯುದ್ಧ ಬರದಂತೆ ತಡೆಯಲು ತರಬೇತಾದ ಜನ ಬೇಕು ಅಂತ ಒಬ್ಬ ಪಾದ್ರಿಗೆ ಅನಿಸಿತು. ಆ ಯೋಚನೆ ನನಗೆ ಇವತ್ತಿಗೂ ಇಷ್ಟ.

ಶಾಂತಿ, ಸಂಘರ್ಷ ಪರಿಹಾರ ಇಂಥ ವಿಷಯಗಳಲ್ಲಿ ಮನಸ್ಸಿದ್ದರೆ ಇಂಡಿಯಾನಾದ ನೋಟರ್ ಡೇಮ್ ನೋಡಿ. ಅಲ್ಲಿನ ಕ್ರಾಕ್ ಸಂಸ್ಥೆ ಜೋನ್ ಕ್ರಾಕ್ ಅವರ ದೇಣಿಗೆಯಿಂದ 1986ರಲ್ಲಿ ಶುರುವಾಯಿತು. ಈಗ ಅದು ಕಿಯೋ ಸ್ಕೂಲ್ ಆಫ್ ಗ್ಲೋಬಲ್ ಅಫೇರ್ಸ್‌ನ ಭಾಗ. ಸ್ಯಾನ್ ಡಿಯೇಗೋ ವಿಶ್ವವಿದ್ಯಾಲಯದ ಶಾಂತಿ ಅಧ್ಯಯನ ಶಾಲೆಗೂ ಅದೇ ಮಹಿಳೆಯ ಹೆಸರಿದೆ. ವಿಶ್ವಸಂಸ್ಥೆಯ ಕೆಲಸದ ಕಡೆ ಒಲವಿದ್ದರೆ ನ್ಯೂಜೆರ್ಸಿಯ ಸೀಟನ್ ಹಾಲ್ ಇದೆ. ಅದು ನ್ಯೂಯಾರ್ಕ್ ನಗರಕ್ಕೆ ಹತ್ತಿರ. ಅಭಿವೃದ್ಧಿ, ಬಡತನ, ಆರ್ಥಿಕತೆಯ ಕಡೆ ಒಲವಿದ್ದರೆ ಫೋರ್ಡಮ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ ಮತ್ತು ಅಭಿವೃದ್ಧಿ ಅನ್ನುವ ಎಂಎ ಇದೆ.

ಅಮೆರಿಕದ ಹೊರಗೆ ಬೆಲ್ಜಿಯಂನಲ್ಲಿ ಲ್ಯೂವೆನ್, ಟೋಕಿಯೋದಲ್ಲಿ ಸೋಫಿಯಾ, ರಿಯೋದಲ್ಲಿ ಪೊಂಟಿಫಿಕಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಹೀಗೆ ಹಲವು ಇವೆ. ಆದರೆ ಅಲ್ಲಿಯ ಶುಲ್ಕ, ವೀಸಾ, ಭಾಷೆ ಎಲ್ಲವೂ ಬೇರೆ. ಈ ಉತ್ತರಗಳು ಅಮೆರಿಕದ ಮಟ್ಟಿಗೆ ಮಾತ್ರ.

ಪಾಠದಲ್ಲಿ ನಿಜವಾಗಿ ಏನು ಬೇರೆ ಇರುತ್ತದೆ?

ನನಗೆ ತುಂಬಾ ಪ್ರೀತಿಯ ಪ್ರಶ್ನೆ ಇದು. ಹಾಗಾಗಿ ಉತ್ತರ ಸ್ವಲ್ಪ ಉದ್ದ.

ಮೂಲ ಪಾಠಗಳು ಎಲ್ಲ ಕಡೆಯಂತೆಯೇ ಇರುತ್ತವೆ. ದೇಶಗಳು ಬಲಕ್ಕಾಗಿ ಹೋರಾಡುತ್ತವೆ ಅನ್ನುವ ವಾಸ್ತವವಾದ, ಸಂಸ್ಥೆಗಳು ಮತ್ತು ವ್ಯಾಪಾರ ಅವನ್ನು ಹತ್ತಿರ ತರುತ್ತವೆ ಅನ್ನುವ ಉದಾರವಾದ, ಆಮೇಲೆ ಭದ್ರತೆ, ಅಂತರರಾಷ್ಟ್ರೀಯ ಕಾನೂನು, ಅರ್ಥಶಾಸ್ತ್ರ, ಸಂಶೋಧನಾ ವಿಧಾನ. ಇವುಗಳಲ್ಲಿ ಕ್ಯಾಥೊಲಿಕ್ ಅನ್ನುವಂಥದ್ದು ಏನೂ ಇಲ್ಲ.

ಬೇರೆಯಾಗುವುದು ಅಲ್ಲಿ ಕೇಳುವ ಇನ್ನೊಂದು ಪ್ರಶ್ನೆಯಿಂದ. ಒಂದು ದೇಶ ಇನ್ನೊಂದರ ಮೇಲೆ ದಾಳಿ ಮಾಡಿತು ಅಂದುಕೊಳ್ಳಿ. ಯಾಕೆ ಮಾಡಿತು, ಯಾರಿಗೆ ಲಾಭವಾಯಿತು ಅಂತ ಎಲ್ಲ ವಿಭಾಗಗಳಲ್ಲೂ ಕೇಳುತ್ತಾರೆ. ಮಾಡಿದ್ದು ಸರಿಯಾ ಅನ್ನುವ ಪ್ರಶ್ನೆ ಬಂದಾಗ ಬಹಳ ಕಡೆ ಅದನ್ನು ವೈಯಕ್ತಿಕ ಅಭಿಪ್ರಾಯ ಅಂತ ಬದಿಗಿಡುತ್ತಾರೆ. ಕ್ಯಾಥೊಲಿಕ್ ಪರಂಪರೆಯಲ್ಲಿ ಅದನ್ನು ಬದಿಗಿಡುವಂತಿಲ್ಲ. ಅದನ್ನೂ ವಾದ ಮಾಡಿ, ಕಾರಣ ಕೊಟ್ಟು, ಆಧಾರ ತೋರಿಸಿ ಉತ್ತರಿಸಬೇಕು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ನ್ಯಾಯಯುತ ಯುದ್ಧಕ್ಕೆ ಮೂರು ಷರತ್ತು ಹಾಕಿದರು: ಯುದ್ಧ ಸಾರುವ ಅಧಿಕಾರ ಇದ್ದವರೇ ಸಾರಬೇಕು, ಸರಿಯಾದ ಕಾರಣ ಇರಬೇಕು, ಉದ್ದೇಶ ಒಳ್ಳೆಯದಿರಬೇಕು. ಇವತ್ತು ಯಾವುದೇ ಯುದ್ಧದ ಬಗ್ಗೆ ಜನ ಜಗಳವಾಡುವಾಗ ಅವರ ಬಾಯಲ್ಲಿ ಈ ಮೂರರಲ್ಲಿ ಒಂದಾದರೂ ಬಂದೇ ಬರುತ್ತದೆ, ಅಲ್ವಾ?

1539ರ ಕಥೆಯನ್ನೂ ಹೇಳಬೇಕು. ಸ್ಪೇನಿನ ಸಾಲಮಾಂಕಾ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಅನ್ನುವ, ಡೊಮಿನಿಕನ್ ಸಭೆಗೆ ಸೇರಿದ ಪಾದ್ರಿ ಒಂದು ಉಪನ್ಯಾಸ ಕೊಟ್ಟರು. ಅಮೆರಿಕ ಖಂಡದ ಮೂಲನಿವಾಸಿಗಳೇ ತಮ್ಮ ನೆಲದ ನಿಜವಾದ ಒಡೆಯರು, ಅವರು ಕ್ರೈಸ್ತರಲ್ಲ ಅನ್ನುವ ಕಾರಣಕ್ಕೆ ಆ ಒಡೆತನ ಹೋಗುವುದಿಲ್ಲ, ಇಡೀ ಲೋಕವನ್ನು ಆಳುವ ಅಧಿಕಾರ ಪೋಪ್‌ಗೂ ಇಲ್ಲ ಅಂದರು. ಹೇಳಿದ್ದು ಸ್ಪೇನಿನ ನೆಲದಲ್ಲೇ ನಿಂತು, ಸ್ಪೇನ್ ಅದೇ ಮೂಲನಿವಾಸಿಗಳ ನೆಲ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ. ಆದರೆ ಅದೇ ಉಪನ್ಯಾಸದಲ್ಲಿ, ಸ್ಪೇನಿನವರ ಸಂಚಾರಕ್ಕೆ, ವ್ಯಾಪಾರಕ್ಕೆ ಅಡ್ಡಿ ಬಂದರೆ ಯುದ್ಧ ಮಾಡಬಹುದು ಅಂತಲೂ ಅವರು ದಾರಿ ಬಿಟ್ಟರು. ಹಾಗಾದರೆ ಅವರು ಮೂಲನಿವಾಸಿಗಳ ಪರವೋ, ಸಾಮ್ರಾಜ್ಯದ ಪರವೋ? ನಮ್ಮ ಸೆಮಿನಾರಿನಲ್ಲಿ ಈ ಒಂದು ಪ್ರಶ್ನೆಯ ಮೇಲೆ ಮೂರು ವಾರ ಚರ್ಚೆ ನಡೆಯಿತು. ಮಾನವೀಯ ಕಾರಣಕ್ಕೆ ಬೇರೆ ದೇಶದೊಳಗೆ ಸೇನೆ ಕಳಿಸಬಹುದಾ ಅನ್ನುವ ಇವತ್ತಿನ ವಾದ ಅರ್ಥವಾಗಬೇಕಾದರೆ ಅಲ್ಲಿಂದಲೇ ಶುರು ಮಾಡಬೇಕು.

ಅಣ್ವಸ್ತ್ರದ ವಿಷಯ ತೆಗೆದುಕೊಂಡರೆ ಆ ಪರಂಪರೆ ನಿಂತ ನೀರಲ್ಲ ಅನ್ನುವುದು ಕಾಣುತ್ತದೆ. ಅಮೆರಿಕ, ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿಗೆ ಬಂದಿದ್ದ ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಕಳೆದು ಆರು ತಿಂಗಳಾಗಿತ್ತು. 1963ರ ಏಪ್ರಿಲ್‌ನಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಶಾಂತಿಯ ಬಗ್ಗೆ ಬರೆದ ಪತ್ರವನ್ನು ಕ್ಯಾಥೊಲಿಕರಿಗೆ ಮಾತ್ರವಲ್ಲದೆ ಒಳ್ಳೆಯ ಮನಸ್ಸಿನ ಎಲ್ಲರಿಗೂ ಬರೆದರು. 1983ರಲ್ಲಿ ಅಮೆರಿಕದ ಬಿಷಪ್‌ಗಳು, ಶತ್ರುವನ್ನು ತಡೆದಿಡಲು ಅಣ್ವಸ್ತ್ರ ಇಟ್ಟುಕೊಳ್ಳುವುದನ್ನು ಷರತ್ತಿನ ಮೇಲೆ ಒಪ್ಪಿಕೊಂಡರು. 2017ರಲ್ಲಿ ಪೋಪ್ ಫ್ರಾನ್ಸಿಸ್, ಅವನ್ನು ಇಟ್ಟುಕೊಳ್ಳುವುದೇ ಖಂಡನೀಯ ಅಂದರು. ಅದೇ ವರ್ಷ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಮೊದಮೊದಲು ಸಹಿ ಹಾಕಿದವರಲ್ಲಿ ವ್ಯಾಟಿಕನ್ನೂ ಇತ್ತು.

ವ್ಯಾಟಿಕನ್ ಬಗ್ಗೆ ಯಾಕೆ ಓದಬೇಕು? ಅದು ಚಿಕ್ಕ ದೇಶ ಅಲ್ವಾ?

ಮೊದಲು ಒಂದು ಗೊಂದಲ ಬಿಡಿಸೋಣ. ವ್ಯಾಟಿಕನ್ ನಗರ ಅನ್ನುವುದು ಸುಮಾರು 44 ಹೆಕ್ಟೇರ್ ನೆಲ. ಬೇರೆ ದೇಶಗಳಿಗೆ ರಾಯಭಾರಿ ಕಳಿಸುವುದು ಆ ನಗರ ಅಲ್ಲ, 'ಹೋಲಿ ಸೀ'. ಅಂದರೆ ಪೋಪ್ ಅವರ ಪೀಠ. 1870ರಲ್ಲಿ ಇಟಲಿ ರೋಮನ್ನು ವಶಪಡಿಸಿಕೊಂಡಿತು. 1929ರಲ್ಲಿ ಇಟಲಿಯ ಜೊತೆ ಲ್ಯಾಟೆರನ್ ಒಪ್ಪಂದ ಆಗಿ ವ್ಯಾಟಿಕನ್ ನಗರ ಹುಟ್ಟುವ ತನಕ ಪೋಪ್ ಕೈಯಲ್ಲಿ ರಾಜ್ಯವೇ ಇರಲಿಲ್ಲ. ಆಗಲೂ ದೇಶಗಳು ಅವರ ಬಳಿ ರಾಯಭಾರಿಗಳನ್ನು ಇಟ್ಟಿದ್ದವು. ನೆಲವೇ ಇಲ್ಲದೆ ಸಾರ್ವಭೌಮತ್ವ ಇರುತ್ತದಾ? ರಾಜ್ಯ ಅಂದರೆ ನೆಲ, ಜನ, ಸರ್ಕಾರ ಅಂತ ಮೊದಲ ವಾರದ ಪಾಠದಲ್ಲಿ ಕಲಿತದ್ದೆಲ್ಲ ಇಲ್ಲಿ ಅಲುಗಾಡುತ್ತದೆ. ಇವತ್ತು ಹೋಲಿ ಸೀಗೆ 180ಕ್ಕೂ ಜಾಸ್ತಿ ದೇಶಗಳ ಜೊತೆ ರಾಜತಾಂತ್ರಿಕ ಸಂಬಂಧ ಇದೆ. 1964ರಿಂದ ಅದು ವಿಶ್ವಸಂಸ್ಥೆಯಲ್ಲಿ ಕಾಯಂ ವೀಕ್ಷಕ. ಅಮೆರಿಕ ಪೂರ್ಣ ಸಂಬಂಧ ಬೆಳೆಸಿದ್ದು 1984ರಷ್ಟು ತಡವಾಗಿ.

ಸೇನೆ ಇಲ್ಲದವರ ಮಾತು ಯಾರು ಕೇಳುತ್ತಾರೆ ಅನ್ನುವವರಿಗೆ ನಾನು ಬೀಗಲ್ ಕಾಲುವೆಯ ಉದಾಹರಣೆ ಕೊಡುತ್ತೇನೆ. ದಕ್ಷಿಣ ಅಮೆರಿಕದ ತುದಿಯಲ್ಲಿ ಮೂರು ಚಿಕ್ಕ ದ್ವೀಪಗಳಿಗಾಗಿ 1978ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ಮತ್ತು ಚಿಲಿ ಯುದ್ಧದ ಅಂಚಿಗೆ ಬಂದಿದ್ದವು. ಪೋಪ್ ಎರಡನೇ ಜಾನ್ ಪಾಲ್, ಕಾರ್ಡಿನಲ್ ಆಂಟೋನಿಯೊ ಸಮೋರೆ ಅವರನ್ನು ಕಳಿಸಿದರು. ಮುಂದಿನ ಜನವರಿಯಲ್ಲಿ ಎರಡೂ ದೇಶಗಳು ಪೋಪ್ ಮಧ್ಯಸ್ಥಿಕೆಗೆ ಒಪ್ಪಿದವು. ಮಾತುಕತೆ ವರ್ಷಗಟ್ಟಲೆ ಎಳೆಯಿತು. ಸಮೋರೆ 1983ರಲ್ಲಿ ತೀರಿಕೊಂಡರು. ಅವರು ಅಷ್ಟು ಶ್ರಮಪಟ್ಟ ಒಪ್ಪಂದಕ್ಕೆ 1984ರ ನವೆಂಬರ್ 29ರಂದು ವ್ಯಾಟಿಕನ್ನಿನಲ್ಲಿ ಸಹಿ ಬಿತ್ತು. ಯುದ್ಧ ನಡೆಯಲಿಲ್ಲ. ನಡೆಯದ ಯುದ್ಧಗಳ ಬಗ್ಗೆ ಪುಸ್ತಕಗಳು ಕಡಿಮೆ, ಅದಕ್ಕೇ ಈ ಹೆಸರು ಬಹಳ ಜನರಿಗೆ ಗೊತ್ತಿಲ್ಲ.

ಇನ್ನೊಂದು ಉದಾಹರಣೆ ಆಫ್ರಿಕಾದ ಮೊಜಾಂಬಿಕ್. ಅಲ್ಲಿನ ಅಂತರ್ಯುದ್ಧ ನಿಲ್ಲಿಸಲು ಮಧ್ಯೆ ಕೂತವರು ಸಾಂತ್ ಎಜಿದಿಯೊ ಅನ್ನುವ ರೋಮ್‌ನ ಸಮುದಾಯದವರು. 1968ರಲ್ಲಿ ವಿದ್ಯಾರ್ಥಿಗಳು ಬಡವರ ಸೇವೆಗಾಗಿ ಕಟ್ಟಿಕೊಂಡ ಗುಂಪು ಅದು. 1990ರಿಂದ ಎರಡು ವರ್ಷಕ್ಕೂ ಮಿಕ್ಕಿ ಮಾತುಕತೆ ನಡೆದು 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಒಪ್ಪಂದವಾಯಿತು. ಸರ್ಕಾರಗಳಿಗೆ ಆಗದ ಕೆಲಸ ಇಂಥವರಿಗೆ ಕೆಲವೊಮ್ಮೆ ಯಾಕೆ ಆಗುತ್ತದೆ? ಅವರಿಗೆ ಅಲ್ಲಿ ಗಣಿ ಬೇಕಿಲ್ಲ, ಬಂದರು ಬೇಕಿಲ್ಲ, ಅವಸರವೂ ಇಲ್ಲ. ನನ್ನ ಅಂತಿಮ ಪ್ರಬಂಧವನ್ನು ನಾನು ಈ ವಿಷಯದ ಮೇಲೇ ಬರೆದೆ.

ಚರ್ಚನ್ನು ಟೀಕಿಸಿ ಬರೆದರೆ ಅಂಕ ಹೋಗುತ್ತದಾ?

ನನಗೆ ಹೋಗಲಿಲ್ಲ. ನಾಜಿ ಜರ್ಮನಿಯ ಜೊತೆ 1933ರಲ್ಲಿ ವ್ಯಾಟಿಕನ್ ಮಾಡಿಕೊಂಡ ಒಪ್ಪಂದ, ಬಿಷಪ್‌ಗಳ ನೇಮಕದ ಬಗ್ಗೆ 2018ರಲ್ಲಿ ಚೀನಾದ ಜೊತೆ ಮಾಡಿಕೊಂಡ ಒಪ್ಪಂದ, ಎರಡೂ ನಮ್ಮ ತರಗತಿಯಲ್ಲಿ ಕಟುವಾದ ಚರ್ಚೆಗೆ ಬಂದವು. ಪಾದ್ರಿಯೊಬ್ಬರೇ ಆ ತರಗತಿ ತೆಗೆದುಕೊಳ್ಳುತ್ತಿದ್ದರು. ಅವರು ಕೇಳುತ್ತಿದ್ದದ್ದು ಒಂದೇ: ಆಧಾರ ಎಲ್ಲಿದೆ? ಆದರೆ ಎಲ್ಲ ಕಡೆ, ಎಲ್ಲ ಅಧ್ಯಾಪಕರೂ ಹೀಗೇ ಇರುತ್ತಾರೆ ಅಂತ ಮಾತು ಕೊಡಲಾರೆ. ನಿಮ್ಮ ವಿಷಯ ಸೂಕ್ಷ್ಮವಾದದ್ದಾದರೆ ಮಾರ್ಗದರ್ಶಕರನ್ನು ನೋಡಿ ಆರಿಸಿಕೊಳ್ಳಿ.

ಎಂಎ ಸಾಕಾ, ಪಿಎಚ್‌ಡಿ ಬೇಕಾ?

ಪಾಠ ಮಾಡಬೇಕು, ಸಂಶೋಧನೆಯನ್ನೇ ಬದುಕು ಮಾಡಿಕೊಳ್ಳಬೇಕು ಅಂದರೆ ಪಿಎಚ್‌ಡಿ. ಉಳಿದವರಿಗೆ ಎಂಎ ಸಾಕು. ಎಂಎ ಸಾಮಾನ್ಯವಾಗಿ ಎರಡು ವರ್ಷದೊಳಗೆ ಮುಗಿಯುತ್ತದೆ. ಪಿಎಚ್‌ಡಿಗೆ ಐದಾರು ವರ್ಷವಾದರೂ ಬೇಕು. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಶುಲ್ಕ ಮನ್ನಾ ಮಾಡಿ ತಿಂಗಳ ಖರ್ಚಿಗೂ ಕೊಡುವ ಕಡೆಗಳು ಹಲವಿವೆ. ಎಂಎಗೆ ಅಷ್ಟು ಸಿಗುವುದು ಅಪರೂಪ. ದುಡ್ಡು ಸಿಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಪಿಎಚ್‌ಡಿಗೆ ಹೋಗಬೇಡಿ.

ನಾನು ಎಂಜಿನಿಯರಿಂಗ್ ಓದಿದ್ದು. ರಾಜ್ಯಶಾಸ್ತ್ರ ಓದೇ ಇಲ್ಲ.

ಪರವಾಗಿಲ್ಲ, ಬೇರೆ ಬೇರೆ ವಿಷಯ ಓದಿದವರನ್ನು ಸೇರಿಸಿಕೊಳ್ಳುತ್ತಾರೆ. ಸೈಬರ್ ಭದ್ರತೆ, ಇಂಧನ, ನೀರು, ಉಪಗ್ರಹ ಇವೆಲ್ಲ ಈಗ ಅಂತರರಾಷ್ಟ್ರೀಯ ವಿಷಯಗಳೇ. ಆದರೆ ಅರ್ಥಶಾಸ್ತ್ರದ ಮೊದಲ ಪಾಠಗಳನ್ನು ಮುಗಿಸಿಕೊಂಡೇ ಹೋಗಿ. ಕೆಲವು ಕಡೆ ಅದು ಕಡ್ಡಾಯ. ನಾನು ಹಾಗೆ ಹೋಗಿರಲಿಲ್ಲ. ಮೊದಲ ಸೆಮಿಸ್ಟರ್ ಪೂರ್ತಿ ರಾತ್ರಿ ಕೂತು ಪೂರೈಕೆ, ಬೇಡಿಕೆ, ವಿನಿಮಯ ದರ ಕಲಿಯಬೇಕಾಯಿತು. ಓದಬೇಕಿದ್ದ ಎಷ್ಟೋ ಒಳ್ಳೆಯ ಪುಸ್ತಕಗಳು ಹಾಗೇ ಉಳಿದವು.

ಅರ್ಜಿಗೆ ಏನೇನು ಬೇಕು? ಉದ್ದೇಶ ಪತ್ರದಲ್ಲಿ ಏನು ಬರೆಯಲಿ?

ಪದವಿಯ ಅಂಕಪಟ್ಟಿ, ಎರಡು ಮೂರು ಶಿಫಾರಸು ಪತ್ರ, ರೆಸ್ಯೂಮೆ, ಉದ್ದೇಶ ಪತ್ರ, ಟೋಫೆಲ್ ಅಥವಾ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕ. ಕೆಲವರು ನೀವು ಮೊದಲೇ ಬರೆದ ಪ್ರಬಂಧವನ್ನೂ ಕೇಳುತ್ತಾರೆ. ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯನ್ನು ಬಹಳ ಕಡೆ ಐಚ್ಛಿಕ ಮಾಡಿದ್ದಾರೆ.

ಉದ್ದೇಶ ಪತ್ರಕ್ಕೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಲೋಕಕ್ಕೆ ಶಾಂತಿ ತರಬೇಕು ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ನಿಮ್ಮನ್ನು ಕಾಡುವ ಒಂದು ಪ್ರಶ್ನೆ ಬರೆಯಿರಿ. ಎರಡು ದೇಶಗಳ ನಡುವೆ ಹರಿಯುವ ನದಿಯ ನೀರು ಯಾರದ್ದು? ನಿರಾಶ್ರಿತರನ್ನು ಗಡಿಯಲ್ಲಿ ತಡೆಯುವುದು ಯಾವಾಗ ಸರಿ, ಯಾವಾಗ ತಪ್ಪು? ಆ ಪ್ರಶ್ನೆ ನಿಮಗೆ ಹೇಗೆ ಬಂತು, ಉತ್ತರ ಹುಡುಕಲು ಇಷ್ಟರವರೆಗೆ ಏನು ಮಾಡಿದ್ದೀರಿ, ಈ ವಿಭಾಗದ ಯಾವ ಅಧ್ಯಾಪಕರ ಕೆಲಸ ಅದಕ್ಕೆ ಹತ್ತಿರ ಅಂತ ಹೇಳಿ. ಕ್ಯಾಥೊಲಿಕ್ ವಿಶ್ವವಿದ್ಯಾಲಯವೇ ಯಾಕೆ ಅನ್ನುವುದಕ್ಕೂ ಒಂದು ಪ್ಯಾರಾ ಇರಲಿ. ಇಲ್ಲದ ಭಕ್ತಿಯನ್ನು ತೋರಿಸಲು ಹೋಗಬೇಡಿ. ನೀತಿಯ ಪ್ರಶ್ನೆಯನ್ನು ಗಂಭೀರವಾಗಿ ಕೇಳುವ ಜಾಗ ಬೇಕು ಅಂತ ನಿಮಗೆ ನಿಜವಾಗಿ ಅನಿಸಿದ್ದರೆ ಅದನ್ನೇ ಬರೆಯಿರಿ.

ಬೇರೆ ಭಾಷೆ ಬರಲೇಬೇಕಾ?

ಎಲ್ಲ ಕಡೆ ಅಲ್ಲ. ಜಾರ್ಜ್‌ಟೌನಿನ ವಿದೇಶಾಂಗ ಸೇವಾ ಎಂಎಸ್‌ನಲ್ಲಿ ಇನ್ನೊಂದು ಆಧುನಿಕ ಭಾಷೆಯಲ್ಲಿ ಹಿಡಿತ ಇದೆ ಅಂತ ತೋರಿಸಬೇಕು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಅವರ ಸ್ವಂತ ಭಾಷೆಯೇ ಲೆಕ್ಕಕ್ಕೆ ಬರುತ್ತದಾ ಅಂತ ಪ್ರತಿ ವಿಭಾಗದಲ್ಲೂ ಕೇಳಿ ನೋಡಿ.

ಖರ್ಚು ಎಷ್ಟು?

ಜಾಸ್ತಿ. ಇವೆಲ್ಲ ಖಾಸಗಿ ವಿಶ್ವವಿದ್ಯಾಲಯಗಳು. ಶುಲ್ಕವನ್ನು ಹಲವು ಕಡೆ ಕ್ರೆಡಿಟ್ ಲೆಕ್ಕದಲ್ಲಿ ಹಾಕುತ್ತಾರೆ. ಹಾಗಾಗಿ ದರ ಒಂದನ್ನೇ ನೋಡಬೇಡಿ, ಕೋರ್ಸಿಗೆ ಎಷ್ಟು ಕ್ರೆಡಿಟ್ ಅಂತಲೂ ನೋಡಿ. ಲೆಕ್ಕಕ್ಕೆ ಒಂದು ಕ್ರೆಡಿಟ್ಟಿಗೆ 2,000 ಡಾಲರ್ ಅಂತ ಇಟ್ಟುಕೊಳ್ಳಿ. 36 ಕ್ರೆಡಿಟ್ಟಿನ ಕೋರ್ಸಿಗೆ 72,000 ಡಾಲರ್ ಆಯಿತು. 48 ಕ್ರೆಡಿಟ್ಟಿಗೆ 96,000. ಬಾಡಿಗೆ, ಊಟ, ಆರೋಗ್ಯ ವಿಮೆ ಬೇರೆ.

ಪ್ರವೇಶ ಪತ್ರ ಬಂದ ಮೇಲೂ ನೆರವು ಹೆಚ್ಚಿಸಿ ಅಂತ ಮರ್ಯಾದೆಯಿಂದ ಕೇಳಬಹುದು. ಇನ್ನೊಂದು ಕಡೆ ಜಾಸ್ತಿ ಸಿಕ್ಕಿದ್ದರೆ ಆ ಪತ್ರವನ್ನೂ ತೋರಿಸಿ. ಪಿಕರಿಂಗ್, ರ‍್ಯಾಂಗಲ್ ಫೆಲೋಶಿಪ್‌ಗಳ ಹೆಸರು ಎಲ್ಲ ಕಡೆ ಕಾಣುತ್ತದೆ. ಅವು ಅಮೆರಿಕದ ನಾಗರಿಕರಿಗೆ ಮಾತ್ರ. ಇದು ಗೊತ್ತಿಲ್ಲದೆ ವಾರಗಟ್ಟಲೆ ಅರ್ಜಿ ತಯಾರು ಮಾಡಿದವರನ್ನು ನೋಡಿದ್ದೇನೆ.

ವೀಸಾ, ಕೆಲಸದ ನಿಯಮ ಹೇಗೆ?

ನಿಮಗೆ ಪ್ರವೇಶ ಸಿಕ್ಕಿದೆ ಅಂತ ತೋರಿಸುವ ಐ-20 ಅನ್ನುವ ದಾಖಲೆಯನ್ನು ವಿಶ್ವವಿದ್ಯಾಲಯ ಕಳಿಸುತ್ತದೆ. ಆಮೇಲೆ ಸೆವಿಸ್ ಅನ್ನುವ, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯ 350 ಡಾಲರ್ ಶುಲ್ಕ ಕಟ್ಟಿ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಅರ್ಜಿ. ಪೂರ್ತಿ ಆನ್‌ಲೈನ್ ಕೋರ್ಸಿಗೆ ಈ ವೀಸಾ ಸಿಗುವುದಿಲ್ಲ. ತರಗತಿ ನಡೆಯುವ ತಿಂಗಳುಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಓದು ಮುಗಿದ ಮೇಲೆ ಒಪಿಟಿ ಅಂತ, ಓದಿದ ವಿಷಯದಲ್ಲೇ ಕೆಲಸ ಮಾಡಲು 12 ತಿಂಗಳು ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನದವರಿಗೆ ಸಿಗುವ ಇನ್ನೂ 24 ತಿಂಗಳು ಅಂತರರಾಷ್ಟ್ರೀಯ ಸಂಬಂಧಗಳವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಸಾಲ ಮಾಡಿ ಹೋಗುವವರು ಈ ವ್ಯತ್ಯಾಸವನ್ನು ಮನಸ್ಸಿಟ್ಟು ಓದಿಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮೊದಲು ಸರ್ಕಾರದ ಸೈಟಿನಲ್ಲಿ ಮತ್ತೊಮ್ಮೆ ನೋಡಿ.

ವಾಷಿಂಗ್‌ಟನ್ನಿನಲ್ಲೇ ಓದಿದರೆ ಲಾಭ ಇದೆಯಾ?

ಇದೆ. ಸಂಜೆಯ ತರಗತಿಗೆ ಪಾಠ ಮಾಡಲು ಬರುವವರು ಕೆಲವೊಮ್ಮೆ ಅದೇ ಮಧ್ಯಾಹ್ನ ಕಚೇರಿಯಲ್ಲಿ ಆ ವಿಷಯವನ್ನೇ ನೋಡಿಕೊಂಡು ಬಂದವರು. ಅಲ್ಲಿನ ವಿಶ್ವವಿದ್ಯಾಲಯಗಳ ಒಕ್ಕೂಟವೊಂದು ಇದೆ. ಕ್ಯಾಥೊಲಿಕ್ ಯೂನಿವರ್ಸಿಟಿ, ಜಾರ್ಜ್‌ಟೌನ್ ಎರಡೂ ಅದರಲ್ಲಿವೆ. ಒಂದು ಕಡೆ ಸೇರಿ ಇನ್ನೊಂದು ಕಡೆಯ ಪಾಠಕ್ಕೆ ಹೋಗಬಹುದು. ಆದರೆ ಬಾಡಿಗೆ ದುಬಾರಿ. ಶಾಂತಿ ಅಧ್ಯಯನಕ್ಕಾದರೆ ನಾನು ಇಂಡಿಯಾನಾದ ನೋಟರ್ ಡೇಮನ್ನೇ ಮೊದಲು ನೋಡಿ ಅನ್ನುತ್ತೇನೆ.

ಮುಂದೆ ಕೆಲಸ ಎಲ್ಲಿ ಸಿಗುತ್ತದೆ?

ಅಮೆರಿಕದ ವಿದೇಶಾಂಗ ಸೇವೆಗೆ ಅಲ್ಲಿನ ನಾಗರಿಕರೇ ಆಗಿರಬೇಕು. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ವಯಸ್ಸು 32 ದಾಟಿರಬಾರದು, ಆ ವರ್ಷದ ಪಟ್ಟಿಯಲ್ಲಿ ನಿಮ್ಮ ದೇಶವೂ ಇರಬೇಕು. ಅದೊಂದನ್ನೇ ನಂಬಿಕೊಂಡು ಕೂರಬೇಡಿ. ಪರಿಹಾರ ಸಂಸ್ಥೆಗಳು, ಸಂಶೋಧನಾ ಸಂಸ್ಥೆಗಳು, ಅಂತರರಾಷ್ಟ್ರೀಯ ವ್ಯಾಪಾರದ ಕಂಪನಿಗಳು, ಪತ್ರಿಕೆಗಳು, ಎಲ್ಲ ಕಡೆ ಕೆಲಸ ಇದೆ. ಬಾಲ್ಟಿಮೋರ್‌ನಲ್ಲಿ ಮುಖ್ಯ ಕಚೇರಿ ಇರುವ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್ 1943ರಿಂದ ಕೆಲಸ ಮಾಡುತ್ತಿದೆ. ಇಂಥ ಸಂಸ್ಥೆಗಳ ಜೊತೆ ಈ ವಿಶ್ವವಿದ್ಯಾಲಯಗಳಿಗೆ ಹಳೆಯ ನಂಟಿದೆ. ಇಂಟರ್ನ್‌ಶಿಪ್ ಹುಡುಕುವಾಗ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಹೋಗುವ ಮೊದಲು ಏನು ಓದಿಕೊಂಡು ಹೋಗಲಿ?

ವಿಶ್ವಸಂಸ್ಥೆಯ ಸನ್ನದನ್ನು ಪೂರ್ತಿ ಓದಿ. ಅದು ಉದ್ದವಿಲ್ಲ, ಒಂದು ಸಂಜೆಯಲ್ಲಿ ಮುಗಿಯುತ್ತದೆ. ಆಮೇಲೆ ಇಪ್ಪತ್ತಮೂರನೇ ಜಾನ್ ಅವರ 1963ರ ಪತ್ರ ಓದಿ. ಎರಡರಲ್ಲೂ ಒಪ್ಪದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಆ ಪ್ರತಿಗಳನ್ನು ಜೊತೆಯಲ್ಲೇ ಇಟ್ಟುಕೊಂಡು ಹೋಗಿ, ಮೊದಲ ಸೆಮಿನಾರಿನಿಂದಲೇ ಬೇಕಾಗುತ್ತವೆ.